ಕಲ್ಲಿನಲ್ಲಿ ಅಣ್ಣನಿಗೆ ಬಿಟ್ಟ ಜಾಗ

ಕಳೆದ ತಿಂಗಳು ತಲ್ಲೂರಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಹಿಂದಿನ ಅಂಗಡಿಯಲ್ಲಿ ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲು ಕೊಯ್ಯುತ್ತಿದ್ದರು. ಯಂತ್ರದ ಗಲಾಟೆಗೆ ನಾನು ತಲೆ ಕೆಡಿಸಿಕೊಳ್ಳುವವಳಲ್ಲ. ಆದರೆ ಅದರ ವಾಸನೆ ಬಂತಲ್ಲ, ಅದು ನನ್ನನ್ನು ಹಿಡಿದು ನಿಲ್ಲಿಸಿತು. ಬಿಸಿಯಾದ ಶಿಲೆಕಲ್ಲಿನ, ಗಂಟಲಿಗೆ ಅಂಟುವ ಸುಟ್ಟ ವಾಸನೆ. ಬಸ್ಸು ಬಂದು ಹೋಯಿತು, ಕಂಡಕ್ಟರ್ ಕೂಗಿದ್ದೂ ಕೇಳಿಸಲಿಲ್ಲ. ಬಾಂಗ್ಲಾ ಯುದ್ಧ ಮುಗಿದ ಮರುವರ್ಷದ ಬೇಸಿಗೆಯಲ್ಲಿ, ನಮ್ಮೂರ ಶಾಲೆಯ ಎದುರು, ಉಳಿಯ ಏಟಿಗೆ ಕಿಡಿ ಹಾರುವಾಗ ಇದೇ ವಾಸನೆ ಬಂದಿತ್ತು.

ನಾವುಂದದಿಂದ ಒಳಗೆ ಹೋದರೆ ಸಿಗುವ ನಮ್ಮೂರಿನಲ್ಲಿ ಯುದ್ಧದಲ್ಲಿ ಸತ್ತವರ ಹೆಸರಿನ ಒಂದು ಕಲ್ಲಿದೆ. ಅದರಲ್ಲಿರುವುದು ಎರಡೇ ಹೆಸರು. ಮೇಲಿನದು ಶೀನ, ಕೆಳಗಿನದು ಭಾಸ್ಕರ. ನನ್ನ ಅಣ್ಣ ಸದಾಶಿವನ ಹೆಸರು ಅದರಲ್ಲಿಲ್ಲ. ಆದರೆ ಕೆಳಗಿನ ಆ ಜಾಗವನ್ನು ಅಳತೆ ಹಿಡಿದು, ನಯ ಮಾಡಿ, ಸುತ್ತ ಅಂಚು ಕಡೆದದ್ದು ಅವನಿಗಾಗಿಯೇ. ಊರಿಗೆ ಹೊಸದಾಗಿ ಬಂದವರು, "ನಿಮ್ಮ ಮನೆಯವರೊಬ್ಬರೂ ಮಿಲಿಟರಿಯಲ್ಲಿದ್ದರಂತಲ್ಲ, ಅವರ ಹೆಸರು ಯಾಕಿಲ್ಲ?" ಎಂದು ಕೇಳುತ್ತಾರೆ. ನಾನು ಹೂಂಗುಟ್ಟಿ ಮಾತು ತಪ್ಪಿಸುತ್ತೇನೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಅದು.

ಅಣ್ಣ ಐವತ್ತಾರರಲ್ಲಿ ಹೋಟೆಲ್ ಕೆಲಸಕ್ಕೆಂದು ಬೊಂಬಾಯಿಗೆ ಹೋದವನು. ಲೋಟ ತೊಳೆದು ಬೇಸತ್ತು ಅಲ್ಲಿಂದಲೇ ಪಲ್ಟನಿಗೆ ಸೇರಿದ. ಮನೆಗೆ ಸುದ್ದಿಯನ್ನೂ ಕೊಡಲಿಲ್ಲ. ಮೊದಲ ರಜೆಗೆ ಖಾಕಿ ಬಟ್ಟೆಯಲ್ಲೇ ಅಂಗಳಕ್ಕೆ ಬಂದು ನಿಂತಾಗ ಅಮ್ಮ ಪೊಲೀಸರೆಂದು ತಿಳಿದು, "ಯಾರನ್ ಹಿಡುಕೆ ಬಂದದ್ದ್?" ಎಂದು ಒಳಗಿಂದಲೇ ಗದರಿಸಿದ್ದಳು. ಆಮೇಲೆ ಅವನ ಮೈಮುಟ್ಟಿ ನೋಡಿ ಅತ್ತಳು, ಬೈದಳು, ಮತ್ತೆ ಅತ್ತಳು. ಬ್ರಹ್ಮಾವರದ ಕಡೆಯ ಗುಲಾಬಿ ಎಂಬ ಹುಡುಗಿಯನ್ನು ತಂದು ಮದುವೆ ಮಾಡಿದ್ದು ಚೀನಾ ಯುದ್ಧಕ್ಕೆ ಒಂದು ವರ್ಷ ಮೊದಲು. ಮದುವೆಯ ರಜೆ ಮುಗಿಸಿ ಹೋದವನು ಮತ್ತೆ ಬರಲೇ ಇಲ್ಲ. ಯುದ್ಧ ಮುಗಿದ ಮೇಲೆ ತಾರು ಬಂತು. ಸತ್ತಿದ್ದಾನೆ ಎಂದಲ್ಲ, ಕಾಣೆಯಾಗಿದ್ದಾನೆ ಎಂದು. ಹೆಡ್ಮಾಸ್ಟ್ರು ಓದಿ ಹೇಳಿದಾಗ ಅಮ್ಮ, "ಕಾಣಿ ಆದದ್ದ್ ಇವತ್ತಲ್ದಿದ್ರೆ ನಾಳೆ ಸಿಕ್ಕತ್ತ್" ಎಂದು ಎದ್ದು ದನದ ಹಟ್ಟಿಗೆ ಹೋದಳು. ಅವಳು ಅಷ್ಟಕ್ಕೇ ಜೋತುಬಿದ್ದಳು.

ನಮ್ಮದು ಅಳಿಯಕಟ್ಟಿನ ಮನೆ. ಮನೆ, ಗದ್ದೆ ಎಲ್ಲ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಯಜಮಾನಿಕೆ ಮಾತ್ರ ಅಮ್ಮನ ತಮ್ಮನದು, ಅಂದರೆ ನಮ್ಮ ಮಾವನದು. ಗಂಡನಿರುವಷ್ಟು ದಿನ ಸೊಸೆ ಗಂಡನ ಮನೆಯಲ್ಲಿ ಇರುತ್ತಾಳೆ. ಗಂಡ ಸತ್ತರೆ ಬೊಜ್ಜದ ಉತ್ತರಕ್ರಿಯೆ ಮುಗಿಸಿ ತನ್ನ ತಾಯಿಮನೆಗೆ ಹೋಗುತ್ತಾಳೆ, ಮನಸ್ಸಿದ್ದರೆ ಮತ್ತೊಬ್ಬನೊಡನೆ ಧಾರೆಯೂ ಆಗುತ್ತದೆ. ಅದಕ್ಕೆ ನಮ್ಮಲ್ಲಿ ಯಾರೂ ಮೂಗು ಮುರಿಯುವುದಿಲ್ಲ. ಹೆಣ ಸಿಗದವನಿಗೆ ದರ್ಭೆಯ ಗೊಂಬೆ ಮಾಡಿ ಸುಟ್ಟರೂ ಆಗುತ್ತದೆ. ಆದರೆ ಬೊಜ್ಜ ಮಾಡಬೇಕಾದವರು ಸತ್ತವನ ತಾಯಿಯ ಮನೆಯವರು. ಅಮ್ಮ ಒಪ್ಪದೆ ಅತ್ತಿಗೆಗೆ ಬಿಡುಗಡೆ ಇರಲಿಲ್ಲ. ಬದುಕಿರುವ ಗಂಡನ ಮನೆ ಬಿಟ್ಟು ಓಡಿದವಳು ಎಂದು ಹೇಳಿಸಿಕೊಂಡು ಹೋಗಲು ಅತ್ತಿಗೆ ತಯಾರಿರಲಿಲ್ಲ, ಅವಳ ಅಣ್ಣ ಶೇಖರನೂ ತಯಾರಿರಲಿಲ್ಲ.

ಕಲ್ಲು ನಿಲ್ಲಿಸುವ ಯೋಚನೆ ಹೆಡ್ಮಾಸ್ಟ್ರದು. ಅದೇ ಯುದ್ಧದಲ್ಲಿ ಕಡಲ ಬದಿಯ ಶೀನ ಸತ್ತದ್ದು ಖಚಿತವಾಗಿತ್ತು, ಅವನ ಜೊತೆಗಿದ್ದವನೇ ಬಂದು ಹೇಳಿ ಹೋಗಿದ್ದ. ಶೀನನಿಗೂ ನನ್ನ ಅಣ್ಣನಿಗೂ ಸೇರಿಸಿ ಒಂದು ಕಲ್ಲು ಎಂದು ಶಾಲೆಯ ಜಗಲಿಯಲ್ಲಿ ಮೀಟಿಂಗ್ ಆಯಿತು. ಹೆಡ್ಮಾಸ್ಟ್ರು ಎಲ್ಲೋ ಪೇಟೆಯಲ್ಲಿ ನೋಡಿದ್ದರಂತೆ, ನುಣ್ಣನೆಯ ಕಂಬ, ಅದರ ಮೇಲೆ ತಲೆಕೆಳಗಾಗಿ ನಿಲ್ಲಿಸಿದ ಬಂದೂಕು, ಬಂದೂಕಿನ ಮೇಲೆ ಟೋಪಿ. ಊರ ಹಿರಿಯರಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ನಮ್ಮ ಬಯಲಿನ ಮೂಲೆಯಲ್ಲಿ ಹಳೆಯ ಕಾಲದ ಒಂದು ವೀರಗಲ್ಲಿದೆ. ಕೆಳಗೆ ಕತ್ತಿ ಹಿಡಿದು ಕಾದುವವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಇಬ್ಬರು ಹೆಂಗಸರು, ಮೇಲೆ ಲಿಂಗ, ಸೂರ್ಯ, ಚಂದ್ರ. ಕಲ್ಲು ಅಂದರೆ ಅವರ ಲೆಕ್ಕದಲ್ಲಿ ಹಾಗಿರಬೇಕು.

"ಬಂದೂಕ ತಲೆಕೆಳ್ಗ್ ಮಾಡಿರೆ ಸೋತಾಂಗ್ ಅಲ್ದಾ?" ಎಂದು ಒಬ್ಬರು ಕೇಳಿದರು.

ಮಾವ ಎಲೆಯಡಿಕೆ ಉಗಿದು ಬಂದು, "ಸೋತದ್ದ್ ಹೌದ್. ಅದನ್ ಕಲ್ಲಂಗೂ ತೋರ್ಸ್ಕಾ?" ಎಂದರು.

ಕಡೆಗೆ ಆದದ್ದು ಕಿಚಡಿ. ಮೇಲೆ ಸೂರ್ಯಚಂದ್ರ, ನಡುವೆ ಬಂದೂಕು ನೆಟ್ಟಗೆ ಹಿಡಿದ ಸಿಪಾಯಿ, ಕೆಳಗೆ ಒಂದರ ಅಡಿ ಒಂದು ಹೆಸರಿನ ಎರಡು ಜಾಗ. ಅಪ್ಸರೆಯರನ್ನು ಹೆಡ್ಮಾಸ್ಟ್ರು ಶಾಲೆಯ ಎದುರು ಬೇಡವೆಂದು ಕೈಮುಗಿದು ಬಿಡಿಸಿದರು. ಕಾರ್ಕಳದ ಕಡೆಯಿಂದ ಬಂದ ಕಲ್ಲು ಕೆಲಸದವನು ದೇವರನ್ನೂ ನಾಗನನ್ನೂ ಕೆತ್ತಿದವನು, ಸಿಪಾಯಿಯನ್ನು ಕೆತ್ತಿದವನಲ್ಲ. ನಮ್ಮ ಸಿಪಾಯಿಗೆ ಯಕ್ಷಗಾನದ ವೇಷದವರ ಕಣ್ಣು, ಕಿವಿಯವರೆಗಿನ ಮೀಸೆ. ಬೂಟುಗಳು ಮಾತ್ರ ಸರಿಯಾಗಿವೆ; ಅಣ್ಣ ಮನೆಯಲ್ಲಿ ಬಿಟ್ಟುಹೋಗಿದ್ದ ಹಳೆಯ ಜೋಡಿಯನ್ನು ಅತ್ತಿಗೆ ಕೊಟ್ಟಿದ್ದಳು, ಅವನು ಅದನ್ನೇ ಎದುರಿಗಿಟ್ಟುಕೊಂಡು ಕಡೆದ. ಮುಖ ಯಾವ ದಿಕ್ಕಿಗೆ ಎಂಬುದಕ್ಕೇ ಇನ್ನೊಂದು ಮೀಟಿಂಗ್ ಬೇಕಾಯಿತು. ತೆಂಕಣ ದಿಕ್ಕು ಬೇಡ, ನಾಗಬನಕ್ಕೆ ಬೆನ್ನು ಬೇಡ ಎಂದೆಲ್ಲ ಆಗಿ ಮೂಡಣಕ್ಕೆ ನಿಂತಿತು.

ಶೀನನ ಹೆಸರು ಕೆತ್ತಿ ಮುಗಿಯಿತು. ಅಣ್ಣನದಕ್ಕೆ ಉಳಿ ಇಡುವ ಹೊತ್ತಿಗೆ ಅಮ್ಮ ನೇಜಿ ನೆಡುತ್ತಿದ್ದ ಕೆಸರು ಕೈಕಾಲಿನಲ್ಲೇ ಓಡಿ ಬಂದು ಕಲ್ಲಿಗೆ ಅಡ್ಡ ಕೂತಳು.

"ಬದ್ಕಿದ್ದವ್ನ್ ಹೆಸ್ರ್ ಕಲ್ಲಂಗ್ ಹಾಕ್ತ್ರಿಯಾ? ಮೊದ್ಲ್ ನನ್ ತಲಿಗ್ ಹೊಡಿ ಆ ಉಳಿ."

ಮಾವನಿಗೆ ಅಕ್ಕನೆಂದರೆ ಹೆದರಿಕೆ. ಹೆಡ್ಮಾಸ್ಟ್ರಿಗೆ ಪಾಪ ಎನಿಸಿತು. ಜಾಗ ಹಾಗೇ ಖಾಲಿ ಇರಲಿ, ಮುಂದೆ ನೋಡೋಣ ಎಂದರು. ಹೀಗೆ ನಮ್ಮೂರ ಕಲ್ಲಿನಲ್ಲಿ ಒಂದು ಹೆಸರು, ಒಂದು ಖಾಲಿ ಚೌಕ ಉಳಿಯಿತು. ಮಕ್ಕಳು ಅಲ್ಲಿ ಸೀಮೆಸುಣ್ಣದಲ್ಲಿ ಏನಾದರೂ ಗೀಚಿದರೆ ಅಮ್ಮ ಸೆರಗಿನಿಂದ ಒರೆಸಿ ಬರುತ್ತಿದ್ದಳು.

ಆಮೇಲಿನ ವರ್ಷಗಳನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹೊಸ್ತಿನ ದಿನ, ಹೊಸ ಅಕ್ಕಿಯ ಅನ್ನಕ್ಕೆ ಮನೆಯವರೆಲ್ಲ ಕೂರುವಾಗ, ಅಮ್ಮ ಅಣ್ಣನಿಗೂ ಎಲೆ ಹಾಕಿಸುತ್ತಿದ್ದಳು. ಎಲ್ಲವನ್ನೂ ಬಡಿಸುವುದು, ಉಪ್ಪಿನಕಾಯಿಯನ್ನೂ ಬಿಡದೆ. ನಾವು ಉಂಡು ಎದ್ದ ಮೇಲೆ ಆ ಎಲೆಗೆ ಅತ್ತಿಗೆ ಕೂರಬೇಕು, ಗಂಡ ಉಂಡ ಎಲೆಯಲ್ಲಿ ಹೆಂಡತಿ ಉಣ್ಣುವ ಹಾಗೆ. ಮೊದಲ ವರ್ಷ ಅತ್ತಿಗೆ ನಂಬಿಕೆಯಿಂದಲೇ ಕೂತಿದ್ದಳು. ಎರಡನೇ ವರ್ಷ ಅಳುತ್ತಾ ಉಂಡಳು. ಆಮೇಲಾಮೇಲೆ ಗದ್ದೆಯ ಕೆಲಸ ಮುಗಿಸುವವರ ಹಾಗೆ ತಲೆ ಬಗ್ಗಿಸಿ ಉಂಡು ಎಲೆ ಎತ್ತುತ್ತಿದ್ದಳು. ನಾನು ಒಂದು ಸಲ ತಡೆಯಲಾರದೆ, "ಅಮ್ಮ, ಅದ್ ಮನ್ಷ್ಯಾ ಅಲ್ದಾ? ಎಷ್ಟ್ ವರ್ಷ ತಣ್ದ್ ಅನ್ನ ಉಣ್ಸ್ತೆ?" ಎಂದು ಕೂಗಿದೆ. ಅಮ್ಮ ನನ್ನೊಡನೆ ತಿಂಗಳುಗಟ್ಟಲೆ ಮಾತು ಬಿಟ್ಟಳು.

ಅತ್ತಿಗೆ ಬಾಯಿ ಬಿಟ್ಟು ಕೇಳಿದ್ದು ಒಂದೇ ಸಲ, ಬಾವಿಕಟ್ಟೆಯಲ್ಲಿ. "ಅತ್ತೆ, ಬೊಜ್ಜ ಬ್ಯಾಡ. ಕಲ್ಲಂಗೆ ಹೆಸ್ರ್ ಆದ್ರೂ ಹಾಕ್ಸಿ. ಅವ್ರ್ ಇಲ್ಲ ಅಂದೇಳಿ ಊರರ್ ಒಪ್ಕಂತ್ರ್." ಅಷ್ಟು ಹೇಳಲು ಅವಳು ಎಷ್ಟು ದಿನ ತಯಾರಿ ಮಾಡಿಕೊಂಡಿದ್ದಳೋ. ಅಮ್ಮ ಕೊಡಪಾನ ಕುಕ್ಕಿ, "ಗಂಡನ್ ಸಾವ್ ಬೇಡುವ ಹೆಂಗ್ಸಿನ್ ಮೋರೆ ಕಾಂಬ್ಕ್ ಆತಿಲ್ಲ ನಂಗ್" ಎಂದುಬಿಟ್ಟಳು. ನೀರಿಗೆ ಬಂದವರು ಕೇಳಿಸಿಕೊಂಡರು. ಸಂಜೆಯೊಳಗೆ ಊರೆಲ್ಲ ಅದೇ ಮಾತು. ಶೇಖರ ತಂದ ಸಂಬಂಧಗಳು, ಬ್ರಹ್ಮಾವರದ ಅಕ್ಕಿ ಮಿಲ್ಲಿನ ರೈಟರದೂ ಸೇರಿ, ಕಾದು ಕಾದು ಬೇರೆ ಕಡೆ ಹೋದವು.

ಇನ್ನು ಆ ಬೇಸಿಗೆ. ಭಾಸ್ಕರ ನಮ್ಮ ಗದ್ದೆಯಾಚೆಗಿನ ತಿಮ್ಮಣ್ಣನ ಮಗ. ಬಾಂಗ್ಲಾ ಯುದ್ಧದಲ್ಲಿ ಸತ್ತ. ಅವನ ಅಸ್ಥಿ ಊರಿಗೆ ಬಂತು, ಬೊಜ್ಜವಾಯಿತು, ಊರೆಲ್ಲ ಉಂಡು ಬಂದೆವು. ಕೊಳಕೆ ಬೆಳೆಯ ಕೊಯ್ಲಿನ ಹೊತ್ತಿಗೆ ಶೇಖರ ಮತ್ತೊಂದು ಸಂಬಂಧ ಹಿಡಿದು ಬಂದ. ಕುಂದಾಪುರದಲ್ಲಿ ಚಾ ಹೋಟೆಲ್ ಇಟ್ಟವನು, ಹೆಂಡತಿ ತೀರಿಹೋಗಿದ್ದಳು, ಒಳ್ಳೆಯವನಂತೆ. ಮಳೆ ಹಿಡಿಯುವ ಮೊದಲು ಇತ್ಯರ್ಥ ಹೇಳಬೇಕಂತೆ. ಅತ್ತಿಗೆಗೆ ಆಗ ಮೂವತ್ತು ದಾಟಿತ್ತು. ಇದು ತಪ್ಪಿದರೆ ಇನ್ನೊಂದಿಲ್ಲ ಎಂದು ಅವಳಿಗೂ ಗೊತ್ತು, ನಮಗೂ ಗೊತ್ತು. ಅಮ್ಮ ಶೇಖರನಿಗೆ ಬೆಲ್ಲ, ನೀರು ಕೊಟ್ಟು, "ನಿಮ್ ಭಾವ ಬಂದ್ ಮೇಲೆ ಅವನ್ ಹತ್ರವೇ ಕೇಣ್" ಎಂದು ಕಳುಹಿಸಿದಳು.

ಅದಾಗಿ ಸ್ವಲ್ಪ ದಿನಕ್ಕೆ ಹೆಡ್ಮಾಸ್ಟ್ರು ಮತ್ತು ತಿಮ್ಮಣ್ಣ ನಮ್ಮ ಮನೆಗೆ ಬಂದರು. ತಿಮ್ಮಣ್ಣ ಜಗಲಿ ಹತ್ತದೆ ಅಂಗಳದಲ್ಲೇ ನಿಂತ. ಹೆಡ್ಮಾಸ್ಟ್ರ ಮುಖ ನೋಡಿದ.

"ಕಲ್ಲಿನಲ್ಲಿ ಆ ಜಾಗ ಹಾಗೇ ಇದೆ" ಎಂದು ಹೆಡ್ಮಾಸ್ಟ್ರು ಶುರು ಮಾಡಿದರು. "ಭಾಸ್ಕರನ ಹೆಸರು ಹಾಕಿಸುವುದಾ ಎಂದು. ನಿಮ್ಮನ್ನು ಕೇಳದೆ ಆಗುವುದಿಲ್ಲವಲ್ಲ."

ಅಮ್ಮನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. "ಹಾಕ್ಸಿ ಮಾಷ್ಟ್ರೇ, ಹಾಕ್ಸಿ! ನನ್ ಮಗಂಗ್ ಅದ್ ಬ್ಯಾಡ. ತಿಮ್ಮಣ್ಣಾ, ಹೊರ್ಗ್ ಎಂತಕ್ ನಿಂತದ್ದ್? ಮೇಲ್ ಬಾ, ಕೂಕೋ." ಹೊರೆ ಇಳಿಸಿದವಳ ಹಾಗೆ ಓಡಾಡಿ ಎಲ್ಲರಿಗೂ ಪಾನಕ ಮಾಡಿಸಿದಳು. ಆ ಜಾಗ ತುಂಬಿಬಿಟ್ಟರೆ ಇನ್ನು ಯಾರೂ ಅವಳನ್ನು ಕೇಳುವಂತಿಲ್ಲ, ಮಗ ಬದುಕಿಯೇ ಇರುತ್ತಾನೆ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದಳು. ಪಾನಕದ ಲೋಟಗಳನ್ನು ತಂದಿಟ್ಟು ಒಳಗೆ ಹೋದಳು. ನಾನು ಹಿಂದೆಯೇ ಹೋದರೆ, ಒಲೆಯ ಮುಂದೆ ಕೂತು, "ಕುಸುಮಾ, ನಂದ್ ಇನ್ ಮುಗೀತ್" ಎಂದಳು. ಅವಳನ್ನು ತಬ್ಬಿಕೊಂಡು ನಾನೇ ಗೊಳೋ ಎಂದು ಅತ್ತೆ. ಅವಳು ಅಳಲಿಲ್ಲ.

ಕೆತ್ತುವ ದಿನ ಉರಿಬಿಸಿಲು. ಅದೇ ಕಲ್ಲು ಕೆಲಸದವನು, ತಲೆ ನರೆತಿತ್ತು. ಅಮ್ಮ ಬಟ್ಟೆ ಬದಲಾಯಿಸಿ, ಕೊಡೆ ಹಿಡಿದು, ಸಂಭ್ರಮಕ್ಕೆ ಹೋಗುವವಳ ಹಾಗೆ ಹೊರಟಳು. ಅತ್ತಿಗೆಯನ್ನೂ ಕರೆದಳು. ಅವಳು ಕಣ್ಣಾರೆ ನೋಡಿ ತೆಪ್ಪಗಾಗಲಿ ಎಂದಿತ್ತೇನೋ. ಶಾಲೆಯ ಎದುರು ಹತ್ತಾರು ಜನ. ತಿಮ್ಮಣ್ಣ ಕಲ್ಲಿನ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದ. ಕೆಲಸದವನು ಮೊದಲು ನೀರು ಹಾಕಿ ಆ ಚೌಕವನ್ನು ತೊಳೆದ. ವರ್ಷಗಳ ಪಾಚಿ ಹೋಗಿ ಹೊಸ ಕಲ್ಲಿನ ಹಾಗೆ ಹೊಳೆಯಿತು. ಮಸಿಯಲ್ಲಿ ಅಕ್ಷರ ಬರೆದುಕೊಂಡು ಉಳಿ ಇಟ್ಟ. ಟಣ್ ಎಂದಿತು. ಕಿಡಿ ಹಾರಿತು, ಆ ವಾಸನೆ ಬಂತು.

ಮೊದಲ ಅಕ್ಷರ ಮೂಡುತ್ತಾ ಬಂದಂತೆ ಅಮ್ಮನ ಕೈಯಲ್ಲಿನ ಕೊಡೆ ಓರೆಯಾಯಿತು. ಬಿಸಿಲಿಗೇನೋ ಎಂದುಕೊಂಡು ನಾನು ತೋಳು ಹಿಡಿದೆ. ನನ್ನನ್ನು ದೂಡಿ ಅವಳು ಮುಂದೆ ಹೋಗಿ ಆ ಮನುಷ್ಯನ ಸುತ್ತಿಗೆಯ ಕೈಯನ್ನೇ ಹಿಡಿದುಕೊಂಡಳು.

"ನಿಲ್ಸ್! ನಿಲ್ಸ್ ಅಂದೆ! ಅದ್ ನನ್ ಮಗನ್ ಜಾಗ! ಅವಂಗ್ ಅಂದೇಳಿ ಬಿಟ್ಟದ್ದ್!"

ಹೆಡ್ಮಾಸ್ಟ್ರು ಮೆಲ್ಲನೆ, "ಅಮ್ಮ, ನೀವೇ ಅಲ್ವಾ ಹಾಕಿಸಿ ಎಂದದ್ದು? ಅವನು ಬದುಕಿದ್ದಾನೆ ಎಂದವರೂ ನೀವೇ ಅಲ್ವಾ?" ಎಂದರು.

"ಬದ್ಕಿದ್ರೆ ಹತ್ ವರ್ಷ ಹೆತ್ತ ಅಬ್ಬಿಯನ್ ಕಾಂಬುಕ್ ಬಾರದೇ ಇಪ್ಪನಾ?" ಅಮ್ಮ ಕೂಗಿದ ರೀತಿಗೆ ಶಾಲೆಯ ಛಾವಣಿಯ ಪಾರಿವಾಳಗಳು ಎದ್ದವು. "ಸತ್ತ್ ಹೋಯ್ದ ಮಾಷ್ಟ್ರೇ! ನನ್ ಮಗ ಸತ್ತ್ ಹೋಯ್ದ!"

ಅಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಆಡದಿದ್ದ ಮಾತು. ಅದನ್ನು ಆಡಿ ಅಮ್ಮ ಅಲ್ಲೇ ಮಣ್ಣಿನಲ್ಲಿ ಕೂತಳು. ತಿಮ್ಮಣ್ಣ ತಲೆಯ ಮೇಲೆ ಕೈಹೊತ್ತು, "ನನ್ನವ್ನೂ ಸತ್ತ್ ಹೋಯ್ದ ಅಮ್ಮಾ, ನಾ ಎಂತ ಮಾಡ್ಲಿ?" ಎಂದ. ಇಬ್ಬರೂ ಎದುರುಬದುರು ಕೂತು ಅತ್ತದ್ದನ್ನು ನೋಡಲಾರದೆ ಹಲವರು ಮುಖ ತಿರುಗಿಸಿದರು.

ಆಗಲೇ ಭಾಸ್ಕರನ ಮೊದಲ ಅಕ್ಷರ ಮೂಡಿಯಾಗಿತ್ತು. ಕೆತ್ತಿದ್ದನ್ನು ಅಳಿಸುವ ವಿದ್ಯೆ ಯಾರಿಗೂ ಇಲ್ಲ. ಅದರ ಕೆಳಗೆ ಇನ್ನೊಂದು ಹೆಸರಿಗೆ ಜಾಗವಿರಲಿಲ್ಲ, ಕಲ್ಲು ಕಟ್ಟೆಯೊಳಗೆ ಹೂತಿತ್ತು. ಹಿಂಬದಿಗೆ ಅಣ್ಣನ ಹೆಸರು ಹಾಕಬಹುದು ಎಂದು ಹೆಡ್ಮಾಸ್ಟ್ರು ಹೇಳಿದರು. ಮಾವ ಒಪ್ಪಲಿಲ್ಲ. "ಬೆನ್ನಿಗ್ ಹೆಸ್ರ್ ಬ್ಯಾಡ. ಓಡಿ ಹೋದವ್ನ್ ಅಂತ್ರ್ ನಾಳೆ" ಎಂದರು. ಬೇರೆ ಕಲ್ಲು ನಿಲ್ಲಿಸುವ ಎಂದು ಎಲ್ಲರೂ ತಲೆಯಾಡಿಸಿದರು, ಯಾರೂ ನಿಲ್ಲಿಸಲಿಲ್ಲ. ಅಮ್ಮನನ್ನು ಎಬ್ಬಿಸಿ ಮನೆಗೆ ಕರೆತಂದದ್ದು ಅತ್ತಿಗೆ. ಮನೆ ಮೆಟ್ಟಿಲಲ್ಲಿ ಅಮ್ಮನ ಕಾಲಿಗೆ ನೀರು ಹೊಯ್ಯುತ್ತಾ ಅತ್ತಿಗೆ ಕೇಳಿದಳು: "ಅತ್ತೆ, ಬೊಜ್ಜ ಯಾವತ್ತ್ ಮಾಡುದ್?"

ಅಮ್ಮ ಅವಳ ಮುಖ ನೋಡಲಿಲ್ಲ. "ಮಾವನ್ ಹತ್ರ ಹೇಳ್. ಬೇಗ ಮಾಡ್ಲಿ" ಎಂದಳು.

ದರ್ಭೆಯ ಗೊಂಬೆ ಸುಟ್ಟರು. ದಿನಗಳು ಕಳೆದು ಬೊಜ್ಜದ ಊಟವೂ ಆಯಿತು. ಉಳಿದದ್ದು ಸತ್ತವನನ್ನು ಒಳಗೆ ಕರೆಯುವುದು. ನಮ್ಮಲ್ಲಿ ಮುಸ್ಸಂಜೆ ಒಳಕೋಣೆಯಲ್ಲಿ ದೀಪ ಹಚ್ಚಿ, ಎಲೆ ಹಾಕಿ ಬಡಿಸಿ, ಬಾಗಿಲು ತೆರೆದಿಟ್ಟು, ಹೊಸಿಲಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ಅವನು ಹೊರಗೆ ಅಲೆಯುವುದಿಲ್ಲ, ಮನೆಯ ಹಿರಿಯರ ಜೊತೆ ಸೇರುತ್ತಾನೆ ಎಂದು ನಂಬಿಕೆ. ಕರೆಯಬೇಕಾದವರು ಹುಟ್ಟಿದ ಮನೆಯವರು. ಹೆಂಡತಿಗೆ ಅದರಲ್ಲಿ ಪಾಲಿಲ್ಲ. ಅತ್ತಿಗೆ ಬಟ್ಟೆಯ ಗಂಟು ಕಟ್ಟಿಕೊಂಡು ಅಂಗಳದ ಅಂಚಿನಲ್ಲಿ ಅವಳ ಅಣ್ಣನ ಜೊತೆ ನಿಂತಿದ್ದಳು. ಕುಂದಾಪುರದವನು ಇನ್ನೂ ಕಾಯುತ್ತಿದ್ದಾನೆ ಎಂದು ಶೇಖರ ಬೆಳಿಗ್ಗೆಯೇ ನನ್ನ ಕಿವಿಯಲ್ಲಿ ಹೇಳಿದ್ದ. ಪಡುವಣದಲ್ಲಿ ಮೊದಲ ಮಳೆಯ ಮೋಡ ಕಟ್ಟಿತ್ತು, ಸೆಕೆಗೆ ದೀಪದ ಕುಡಿಯೂ ಅಲುಗುತ್ತಿರಲಿಲ್ಲ.

"ಕರಿ ಅಕ್ಕ" ಎಂದರು ಮಾವ.

ಅಮ್ಮ ಹೊಸಿಲಿಗೆ ಬಂದು ನಿಂತಳು. ಬಾಯಿ ತೆರೆದಳು. "ಸದಾ..." ಎಂದಷ್ಟೇ ಬಂತು, ಮುಂದಕ್ಕೆ ಸ್ವರ ಹೊರಡಲಿಲ್ಲ. ಬಾಗಿಲ ದಾರಂದ ಹಿಡಿದುಕೊಂಡು ಮತ್ತೆ ಪ್ರಯತ್ನ ಮಾಡಿದಳು. ಹತ್ತು ವರ್ಷ ದಿನಾ ಬೆಳಿಗ್ಗೆ ಇದೇ ಬಾಗಿಲಲ್ಲಿ ನಿಂತು ದಾರಿ ನೋಡಿದವಳಿಗೆ, ಬಾ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಮಾವ ಮತ್ತೆ ಹೇಳಿದರು. ನಾನು ಹತ್ತಿರ ಹೋಗಿ ಬೆನ್ನು ನೇವರಿಸಿದೆ. ಅಮ್ಮ ತಲೆ ಅಲ್ಲಾಡಿಸುತ್ತಲೇ ಇದ್ದಳು. ಕತ್ತಲಾಗುತ್ತಿತ್ತು. ಬಡಿಸಿದ ಅನ್ನ ತಣ್ಣಗಾಗುತ್ತಿತ್ತು.

ಅಂಗಳದ ಅಂಚಿನಿಂದ ಅತ್ತಿಗೆಯ ಸ್ವರ ಕೇಳಿತು. ಗಂಟನ್ನು ನೆಲಕ್ಕಿಟ್ಟು ಅವಳು ನಾಲ್ಕು ಹೆಜ್ಜೆ ಮುಂದೆ ಬಂದಿದ್ದಳು. ನಮ್ಮ ಯಾರ ಕಡೆಗೂ ನೋಡುತ್ತಿರಲಿಲ್ಲ. ಗದ್ದೆಯ ಕಡೆಯ ಕತ್ತಲೆಗೆ ಮುಖ ಮಾಡಿ, ಮದುವೆಯ ಆ ಒಂದು ರಜೆಯಲ್ಲಿ ಅವನನ್ನು ಊಟಕ್ಕೆ ಕರೆಯುತ್ತಿದ್ದ ಅದೇ ಸಣ್ಣ ಸ್ವರದಲ್ಲಿ ಕರೆದಳು:

"ಹ್ವಾಯ್... ಒಳ್ಗ್ ಹೋಯ್ನಿ. ಅಮ್ಮ ಕಾಯ್ತಾ ಇದ್ರ್. ನಾ ಹೊರ್ಟೆ."

ಹೆಂಡತಿ ಕರೆಯಬಾರದು ಎಂದು ಮಾವ ಹೇಳಲಿಲ್ಲ. ಅಮ್ಮ ಹೊಸಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.